ಮನೆಯಂಗಳದ ದೊಡ್ಡಪತ್ರೆ

ಮಾಡದಕೆರೆ ನಮ್ಮ ಬಯಲುಸೀಮೆಯ ಊರು, ಮಳೆ ಕಡಿಮೆ. ಆದರೂ ದೊಡ್ಡಪತ್ರೆ ಬೆಳೆಸಲು ಬೋರ್‌ವೆಲ್ ಬೇಕಿಲ್ಲ. ನೆರೆಮನೆಯಿಂದ ಗೇಣುದ್ದದ ಕಡ್ಡಿ ತಂದು, ತಳದಲ್ಲಿ ತೂತಿರುವ ಹಳೆಯ ಡಬ್ಬದಲ್ಲಿ ಮಣ್ಣು, ಮರಳು, ಸ್ವಲ್ಪ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿರಿ. ಅಕ್ಕಿ ತೊಳೆದ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಹಾಕಿದರೆ ಸಾಕು. ಇದರ ದಪ್ಪ ಎಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನಿತ್ಯ ನೀರೆರೆದರೆ ಬೇರು ಕೊಳೆಯುತ್ತದೆ.

ಎಲೆಗಳನ್ನು ಚೆನ್ನಾಗಿ ತೊಳೆದು, ಹುರಿದು, ಕಾಯಿಯೊಂದಿಗೆ ಅರೆದರೆ ಒಳ್ಳೆಯ ಚಟ್ನಿ. ನೆಗಡಿ, ಗಂಟಲು ಕೆರೆತಕ್ಕೆ ಇದರ ರಸವನ್ನು ಜೇನುತುಪ್ಪದಲ್ಲಿ ಕೊಡುವುದು ರೂಢಿ. ದೊಡ್ಡವರಿಗೆ ಹಿತವೆನಿಸುತ್ತದೆ. ಆದರೆ ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೇಡವೇ ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಕೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಿ, ಕೈಕಾಲು, ಉಸಿರಾಟಗಳ ಶಕ್ತಿಯನ್ನೇ ಕುಂದಿಸಬಲ್ಲದು. ಜೇನನ್ನು ಬಿಸಿ ಮಾಡಿದರೂ ಅದು ಸಾಯುವುದಿಲ್ಲ. "ನಮ್ಮಜ್ಜಿ ಎಲ್ಲರಿಗೂ ನೆಕ್ಕಿಸಿದ್ದಳು" ಎನ್ನುವವರುಂಟು. ಇದೊಂದರಲ್ಲಿ ಅಜ್ಜಿಯ ಮಾತು ಮೀರಿದರೆ ತಪ್ಪಿಲ್ಲ.

ಕೆಮ್ಮು ಎರಡು ವಾರ ದಾಟಿದರೆ ಎಲೆ ಹಿಂಡುತ್ತಾ ಕೂರಬೇಡಿ, ಕ್ಷಯವಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆಯೂ ಔಷಧಿಯೂ ಉಚಿತ. ಮಗುವಿಗೆ ಉಸಿರಾಡುವಾಗ ಪಕ್ಕೆ ಸೆಳೆತ ಕಂಡರಂತೂ ಯಾವ ಮನೆಮದ್ದೂ ಮಾಡದೆ, ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಕರೆತನ್ನಿ.