ಗಂಡಭೇರುಂಡ ಕಂಪ್ಯೂಟರ್

ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಎರಡು ತಲೆಯ ಹಕ್ಕಿ ಇದೆಯಲ್ಲ, ಗಂಡಭೇರುಂಡ? ಹಾಗೆಯೇ ಎರಡು ತಲೆ ಇರುವ ಕಂಪ್ಯೂಟರನ್ನು ನೀವು ನೋಡಿದ್ದೀರಾ? ಬೆಸ್ಟ್‌ನ ನಮ್ಮ ಮನೆಯ ಅಟ್ಟದಲ್ಲಿ ಒಂದಿದೆ. ಅದರ ಒಂದು ತಲೆ ಕೆಲಸ ಮಾಡುವುದಿಲ್ಲ. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಚಿಕ್ಕ ಮಕ್ಕಳಿಗೆ ಒಂದು ಮಾತು. ಕಂಪ್ಯೂಟರಿನೊಳಗೆ ಎಲ್ಲ ಭಾಗಗಳೂ ಕೂರುವ ದೊಡ್ಡ ಹಲಗೆಗೆ ಮದರ್‌ಬೋರ್ಡ್ ಎನ್ನುತ್ತಾರೆ. ಲೆಕ್ಕ ಮಾಡುವ ಚಿಪ್ ಪ್ರೊಸೆಸರ್, ಅದು ಕೂರುವ ಜಾಗ ಸಾಕೆಟ್. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಒಂದೇ ಸಾಕೆಟ್ ಇರುತ್ತದೆ. ಎರಡು ಸಾಕೆಟ್ ಇರುವ ಬೋರ್ಡುಗಳು ಸಾಮಾನ್ಯವಾಗಿ ಸರ್ವರ್‌ಗಳಿಗೆ, ದೊಡ್ಡ ಆಫೀಸುಗಳಿಗೆ. ಆದರೆ ಕೆಲವು ಕಂಪನಿಗಳು ಅವನ್ನು ನಮ್ಮಂಥ ಹುಚ್ಚರಿಗೂ ಮಾಡಿದವು, ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದು ಮಾಡಿದವು.

1999ಕ್ಕೆ ಹೋಗೋಣ. ಆಗ ನಾನು ಹುಟ್ಟಿರಲಿಲ್ಲ, ಅಪ್ಪ ಬೆಂಗಳೂರಿನಲ್ಲಿ ಕಾಲೇಜಿನಲ್ಲಿದ್ದರು. ಇಂಟೆಲ್‌ನ ಅಗ್ಗದ ಚಿಪ್ ಸೆಲೆರಾನ್. ಎರಡು ಪ್ರೊಸೆಸರ್ ಬೇಕೆನ್ನುವವರು ದುಬಾರಿ ಪೆಂಟಿಯಂ ಕೊಳ್ಳಲಿ ಎಂಬುದು ಇಂಟೆಲ್ ಲೆಕ್ಕ. ಆದರೆ ಸೆಲೆರಾನ್ ಚಿಪ್ ಕೂತಿದ್ದ ಪುಟ್ಟ ಬೋರ್ಡಿಗೆ ತೂತು ಕೊರೆದು, ತಂತಿ ಬೆಸೆದರೆ ಎರಡು ಚಿಪ್ ಜೊತೆಯಾಗಿ ಓಡುತ್ತವೆ ಎಂದು ಕೆಲವರು ಕಂಡುಹಿಡಿದರು. ತೈವಾನಿನ ಎಬಿಟ್ ಕಂಪನಿ ಇದನ್ನು ನೋಡಿ, ಕೊರೆಯುವ ಗೋಜೇ ಬೇಡವೆಂದು ಬಿಪಿ6 ಎಂಬ ಬೋರ್ಡ್ ತಂದಿತು. ಎರಡು ಸೆಲೆರಾನ್ ತಂದು ಕೂರಿಸಿದರೆ ಆಯಿತು! 366 ಮೆಗಾಹರ್ಟ್ಸ್‌ನ ಚಿಪ್‌ಗಳನ್ನು 550ಕ್ಕೆ ಓಡಿಸುವುದು ಆಗಿನ ಫ್ಯಾಷನ್. ಲೆಕ್ಕ ಸುಲಭ: ಚಿಪ್‌ನ ಗುಣಕ 5.5, ಬೋರ್ಡಿನ ಬಸ್ ವೇಗವನ್ನು 66ರಿಂದ 100ಕ್ಕೆ ಏರಿಸಿದರೆ 550. ಒಂದೇ ತೊಂದರೆ, ವಿಂಡೋಸ್ 98ಗೆ ಎರಡನೇ ಚಿಪ್ ಇದೆ ಎಂಬುದೇ ತಿಳಿಯುತ್ತಿರಲಿಲ್ಲ. ಲಿನಕ್ಸ್ ಅಥವಾ ವಿಂಡೋಸ್ ಎನ್‌ಟಿ ಬೇಕಿತ್ತು. ಮುಂದಿನ ಪೀಳಿಗೆಯ ಸೆಲೆರಾನ್‌ಗಳಲ್ಲಿ ಇಂಟೆಲ್ ಈ ಬಾಗಿಲನ್ನು ಮುಚ್ಚಿಬಿಟ್ಟಿತು.

2001ರಲ್ಲಿ ಟಯಾನ್ ಕಂಪನಿ ಎಎಂಡಿ ಚಿಪ್‌ಗಳಿಗೆ ಎರಡು ಸಾಕೆಟ್‌ನ ಬೋರ್ಡ್ ತಂದಿತು. 2006ರಲ್ಲಿ ಎಎಂಡಿ 'ಕ್ವಾಡ್ ಎಫ್‌ಎಕ್ಸ್' ಎಂದಿತು, 2008ರಲ್ಲಿ ಇಂಟೆಲ್ 'ಸ್ಕಲ್‌ಟ್ರೇಲ್' ಎಂದು ಉತ್ತರ ಕೊಟ್ಟಿತು. ಎರಡೂ ದುಬಾರಿ, ಎರಡೂ ಹೆಚ್ಚು ದಿನ ಬಾಳಲಿಲ್ಲ. ಅದೇ 2008ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಆರು ಕೋರ್‌ಗಳ ಝಿಯಾನ್ 7400 ಚಿಪ್ ವಿನ್ಯಾಸವಾದದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ! ಇದು ಗೊತ್ತಾದ ದಿನ ನಾನು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನನ್ನ ಮೆಚ್ಚಿನದು 2010ರ ಇವಿಜಿಎ ಎಸ್‌ಆರ್-2. ಸಾಮಾನ್ಯ ಬೋರ್ಡ್ 30.5 x 24.4 ಸೆಂಟಿಮೀಟರ್. ಇದು 38.1 x 34.5, ಸಾಮಾನ್ಯ ಪೆಟ್ಟಿಗೆಯೊಳಗೆ ಹೋಗುವುದೇ ಇಲ್ಲ. ಎರಡು ಝಿಯಾನ್, 12 ಮೆಮೊರಿ ಸ್ಲಾಟ್, ಏಳು ದೊಡ್ಡ ಕಾರ್ಡ್ ಸ್ಲಾಟ್. ಜೊತೆಗೆ ಸರ್ವರ್ ಚಿಪ್‌ಗಳನ್ನು ಓವರ್‌ಕ್ಲಾಕ್ ಮಾಡಬಹುದಿತ್ತು, ಅಂದರೆ ನಿಗದಿಗಿಂತ ವೇಗವಾಗಿ ಓಡಿಸಬಹುದಿತ್ತು. 2012ರಲ್ಲಿ ಇವಿಜಿಎ ಅದರ ತಮ್ಮ ಎಸ್‌ಆರ್-ಎಕ್ಸ್ ತಂದಿತು. ಏಸಸ್ ಕೂಡ ಆ ಹೊತ್ತಿಗೆ ತನ್ನ ಝಡ್9ಪಿಇ-ಡಿ8 ಡಬ್ಲ್ಯುಎಸ್ ಜೊತೆ ಕಣಕ್ಕಿಳಿಯಿತು. ಆದರೆ ಅಷ್ಟರಲ್ಲಿ ಇಂಟೆಲ್ ಝಿಯಾನ್‌ಗಳ ಗುಣಕಕ್ಕೆ ಬೀಗ ಹಾಕಿತ್ತು. ಬೋರ್ಡ್ ಮಾಡುವವರು ಎಷ್ಟು ಜಗಳವಾಡಿದರೇನು, ಬೀಗದ ಕೈ ಚಿಪ್ ಮಾಡುವವರ ಬಳಿ!

ಕೊನೆಗೆ ಈ ಪೈಪೋಟಿಯನ್ನು ಮುಗಿಸಿದ್ದು ಎಎಂಡಿಯ ಥ್ರೆಡ್‌ರಿಪ್ಪರ್ ಎಂದು ನನಗನಿಸುತ್ತದೆ. 2017ರಲ್ಲಿ ಒಂದೇ ಸಾಕೆಟ್‌ನಲ್ಲಿ 16 ಕೋರ್, 2020ರಲ್ಲಿ 64. ಒಂದೇ ತಲೆಯಲ್ಲಿ ಅಷ್ಟು ಬುದ್ಧಿ ಇದ್ದರೆ ಎರಡನೇ ತಲೆ ಯಾಕೆ?

ಎರಡು ತಲೆಗೆ ಇನ್ನೊಂದು ಕಷ್ಟವೂ ಇದೆ. ಊರಿನಲ್ಲಿ ಮದುವೆ ಅಡುಗೆ ನೋಡಿದ್ದೀರಲ್ಲ? ಎರಡು ಅಡುಗೆಮನೆ, ಇಬ್ಬರು ಭಟ್ಟರು, ಇಬ್ಬರಿಗೂ ಬೇರೆ ಬೇರೆ ಉಗ್ರಾಣ ಎಂದುಕೊಳ್ಳಿ. ತನ್ನ ಉಗ್ರಾಣದ ಬೇಳೆ ತಕ್ಷಣ ಸಿಗುತ್ತದೆ. ಆಚೆ ಮನೆಯ ಉಗ್ರಾಣದಿಂದ ತರಬೇಕಾದರೆ ಅಂಗಳ ದಾಟಬೇಕು. ಎರಡು ಪ್ರೊಸೆಸರ್‌ಗಳ ಮೆಮೊರಿಯೂ ಹೀಗೆಯೇ. ಅದಕ್ಕೇ ಗೇಮ್ ಆಡಲು ಇಂಥ ಕಂಪ್ಯೂಟರ್ ಬೇಕೆಂದು ಮಗ ಕೇಳಿದರೆ, ಅಪ್ಪ ಅಮ್ಮಂದಿರೇ, ದಯವಿಟ್ಟು ಕೊಡಿಸಬೇಡಿ. (ಗೆಳೆಯರೇ, ಕ್ಷಮಿಸಿ.)

ಆದರೆ ನನಗೆ ಬೇಕಿದ್ದದ್ದು ಗೇಮ್‌ಗಲ್ಲ. ಕಳೆದ ರಾಜ್ಯೋತ್ಸವಕ್ಕೆ ಪುಣ್ಯಕೋಟಿಯ ಕಥೆಯನ್ನು ಮೂರು ನಿಮಿಷದ ಅನಿಮೇಷನ್ ಮಾಡಿಕೊಡುತ್ತೇನೆ ಎಂದು ಆಂಟಿಯರಿಗೆ ಮಾತು ಕೊಟ್ಟಿದ್ದೆ. ಸೆಕೆಂಡಿಗೆ 24 ಚಿತ್ರ, ಒಟ್ಟು 4320 ಚಿತ್ರ. ನನ್ನ ಲ್ಯಾಪ್‌ಟಾಪ್‌ಗೆ ಒಂದು ಚಿತ್ರ ಬಿಡಿಸಲು ಆರು ನಿಮಿಷ. ಗುಣಿಸಿ ನೋಡಿ, ಹಗಲೂ ರಾತ್ರಿ ಓಡಿದರೂ 18 ದಿನ! ಇಂಥ ಕೆಲಸವನ್ನು ಹಂಚಿಕೊಂಡು ಮಾಡಬಹುದು, ಭಟ್ಟರು ಅಂಗಳ ದಾಟುವ ಪ್ರಮೇಯ ಕಡಿಮೆ.

ಸೂಪರ್‌ಮಾರ್ಕೆಟ್‌ನಲ್ಲಿ ಶನಿವಾರ ಶನಿವಾರ ಸಾಮಾನು ಜೋಡಿಸಿ ಗಳಿಸಿದ ದುಡ್ಡಿತ್ತು. ಡೇಟಾ ಸೆಂಟರ್‌ಗಳು ಹೊರಹಾಕಿದ 14 ಕೋರ್‌ಗಳ ಹಳೆಯ ಝಿಯಾನ್ ಚಿಪ್‌ಗಳು ಈಗ ಅಗ್ಗ. ಎರಡು ಕೊಂಡೆ. ಅಪ್ಪ ಕರೆಂಟ್ ಬಿಲ್ ಲೆಕ್ಕ ತೆಗೆದರು: ಒಂದೊಂದು ಚಿಪ್ 120 ವಾಟ್, ಎಲ್ಲ ಸೇರಿ 300 ಎಂದರೂ ದಿನಕ್ಕೆ ನಾಲ್ಕು ಗಂಟೆಗೆ 1.2 ಯೂನಿಟ್. ಯೂನಿಟ್‌ಗೆ 30 ಸೆಂಟ್ ಹಿಡಿದರೆ ತಿಂಗಳಿಗೆ 11 ಯೂರೋ ಹತ್ತಿರ. "ಅದನ್ನೂ ನೀನೇ ಕೊಡು," ಎಂದರು. ಒಪ್ಪಿದೆ.

ಬೋರ್ಡನ್ನು ಸೆಕೆಂಡ್‌ಹ್ಯಾಂಡ್ ಕೊಂಡೆ. ಮಾರಿದವರ ಫೋಟೋದಲ್ಲಿ ಎರಡನೇ ಸಾಕೆಟ್ ಮೇಲೆ ಕಪ್ಪು ಮುಚ್ಚಳವಿತ್ತು. ಮುಚ್ಚಳ ತೆಗೆದ ಫೋಟೋ ಕೇಳಬೇಕಿತ್ತು, ಕೇಳಲಿಲ್ಲ. ಈ ಸಾಕೆಟ್‌ನಲ್ಲಿ ಕೂದಲೆಳೆಯಂಥ 2011 ಪಿನ್‌ಗಳಿವೆ. ಮೂರು ಬಾಗಿದ್ದವು. ಅಪ್ಪ ಟಾರ್ಚ್ ಹಿಡಿದರು, ನಾನು ಅಮ್ಮನ ಹೊಲಿಗೆ ಸೂಜಿ ಹಿಡಿದೆ. "ಉಸಿರು ಬಿಗಿ ಹಿಡಿ ಕಣೋ," ಎಂದರು ಅಪ್ಪ. ಎರಡು ಪಿನ್ ನೆಟ್ಟಗಾದವು. ಮೂರನೆಯದು ಮುರಿಯಿತು. ಮಾರಿದವರು ಫೋನ್ ಎತ್ತಲಿಲ್ಲ.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಅಮ್ಮ ಮೊಸರನ್ನದ ತಟ್ಟೆಯನ್ನು ಅಟ್ಟಕ್ಕೇ ತಂದಿಟ್ಟು, "ಇನ್ನೊಂದು ಸಾಕೆಟ್ ಸರಿ ಇದೆಯಲ್ಲ?" ಎಂದರು. ನನಗದು ಹೊಳೆದೇ ಇರಲಿಲ್ಲ. ಒಂದೇ ಝಿಯಾನ್ ಕೂರಿಸಿ ಬಟನ್ ಒತ್ತಿದೆ, ಬೋರ್ಡ್ ಎದ್ದಿತು. ಚಿತ್ರಕ್ಕೆ ಎರಡು ನಿಮಿಷ. ಎರಡೂ ತಲೆ ಇದ್ದಿದ್ದರೆ ಮೂರು ದಿನದಲ್ಲಿ ಮುಗಿಯಬಹುದಿದ್ದದ್ದು ಆರು ದಿನ ಹಿಡಿಯಿತು. ಆ ದುಡ್ಡಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಕೊಂಡಿದ್ದರೆ ಇನ್ನೂ ಬೇಗ ಆಗುತ್ತಿತ್ತು ಎಂದು ಬೆಂಗಳೂರಿನ ಮಾವ ಆಮೇಲೆ ಹೇಳಿದರು. ಅದು ನಿಜ. ಆದರೆ ಗ್ರಾಫಿಕ್ಸ್ ಕಾರ್ಡ್‌ಗೆ ಎರಡು ತಲೆ ಇರುವುದಿಲ್ಲವಲ್ಲ ಮಾವ!

ಕೊನೆಯ ಚಿತ್ರ ಮುಗಿದದ್ದು ಕಾರ್ಯಕ್ರಮದ ಹಿಂದಿನ ರಾತ್ರಿ. ಗುಹೆಯ ದೃಶ್ಯದಲ್ಲಿ ಹುಲಿಯ ಬಾಲ ಬಂಡೆಯೊಳಗೆ ತೂರಿಕೊಂಡು ಹೋಗಿದ್ದು ಆಗ ಕಂಡಿತು. ಮತ್ತೆ ಬಿಡಿಸಲು ಸಮಯವಿರಲಿಲ್ಲ. ಮೊದಲ ಸಾಲಿನಲ್ಲಿ ಕೂತಿದ್ದ ಪುಟಾಣಿಗಳೇ, ನಿಮ್ಮಲ್ಲಿ ಯಾರೋ ಒಬ್ಬರು "ಬಾಲ ಎಲ್ಲಿ?" ಎಂದು ಕೂಗಿದಿರಲ್ಲ, ಉತ್ತರ ಇದೇ.