ಕಾಲು ಉಳಿಸುವ ಶಸ್ತ್ರಚಿಕಿತ್ಸೆ: ರಕ್ತ ಹೆಪ್ಪುಗಟ್ಟದಂತೆ ಎಚ್ಚರ ವಹಿಸಿ

ಅಪಘಾತದಲ್ಲಿ ನಜ್ಜುಗುಜ್ಜಾದ ಕಾಲನ್ನು ಕತ್ತರಿಸದೆ ಉಳಿಸುವುದು ಇಂದು ಹಲವರ ವಿಷಯದಲ್ಲಿ ಸಾಧ್ಯವಾಗಿದೆ. ಮುರಿದ ಮೂಳೆಯನ್ನು ಉಂಗುರಗಳ ಚೌಕಟ್ಟಿನಿಂದ ಕೂಡಿಸುವ ಇಲಿಜಾರೊವ್ ವಿಧಾನ ಮತ್ತು ದೇಹದ ಬೇರೆ ಭಾಗದ ಚರ್ಮ, ಸ್ನಾಯುಗಳನ್ನು ತಂದು ಗಾಯ ಮುಚ್ಚುವ ಫ್ಲಾಪ್ ಶಸ್ತ್ರಚಿಕಿತ್ಸೆ ಇದಕ್ಕೆ ನೆರವಾಗುತ್ತವೆ. ಆದರೆ ಆಪರೇಷನ್ ಯಶಸ್ವಿಯಾದರೂ ಕಣ್ಣಿಗೆ ಕಾಣದ ಒಂದು ಅಪಾಯ ಉಳಿದಿರುತ್ತದೆ. ಅದು ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವುದು.

ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಮಲಗಿಯೇ ಇರುವುದರಿಂದ ರಕ್ತದ ಓಟ ನಿಧಾನವಾಗುತ್ತದೆ. ಏಟು ಮತ್ತು ಶಸ್ತ್ರಚಿಕಿತ್ಸೆಯಿಂದ ರಕ್ತನಾಳದ ಗೋಡೆಗೆ ಪೆಟ್ಟಾಗುತ್ತದೆ. ಗಾಯವಾದ ದೇಹದಲ್ಲಿ ರಕ್ತವು ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ಧೂಮಪಾನ, ಬೊಜ್ಜು, ಕ್ಯಾನ್ಸರ್, ಹಿಂದೆ ಹೆಪ್ಪುಗಟ್ಟಿದ ಇತಿಹಾಸ ಮತ್ತು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳು ಅಪಾಯವನ್ನು ಹೆಚ್ಚಿಸುತ್ತವೆ. ಇವನ್ನು ವೈದ್ಯರಿಂದ ಮುಚ್ಚಿಡಬಾರದು.

ಕಾಲಿನ ಆಳದ ಅಭಿಧಮನಿಯಲ್ಲಿ ಉಂಟಾದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಫ್ಲಾಪ್ ಚಿಕಿತ್ಸೆಯಲ್ಲಿ ಇನ್ನೊಂದು ಆತಂಕವಿದೆ. ಸೂಕ್ಷ್ಮದರ್ಶಕದ ಸಹಾಯದಿಂದ ಹೊಲಿದ ಸಣ್ಣ ನಾಳದಲ್ಲಿ ಹೆಪ್ಪುಗಟ್ಟಿದರೆ ಜೋಡಿಸಿದ ಅಂಗಾಂಶವೇ ಸಾಯುತ್ತದೆ. ಮೊದಲ 2–3 ದಿನಗಳಲ್ಲಿ ಈ ಭಯ ಹೆಚ್ಚು. ಆದ್ದರಿಂದಲೇ ದಾದಿಯರು ಅದರ ಬಣ್ಣ ಮತ್ತು ಬಿಸಿಯನ್ನು ಪದೇಪದೇ ಪರೀಕ್ಷಿಸುತ್ತಾರೆ.

ತಡೆಗಟ್ಟಲು ಹೆಪಾರಿನ್ ಜಾತಿಯ ಇಂಜೆಕ್ಷನ್, ಕೆಲವರಿಗೆ ಆಸ್ಪಿರಿನ್ ಅಥವಾ ಇತರ ಮಾತ್ರೆ ಕೊಡುತ್ತಾರೆ. ಇವು ರಕ್ತಸ್ರಾವವನ್ನೂ ಹೆಚ್ಚಿಸಬಲ್ಲವು. ಹಾಗಾಗಿ ಯಾವಾಗ ಆರಂಭಿಸಬೇಕು, ಎಷ್ಟು ಕೊಡಬೇಕು ಎಂಬುದನ್ನು ವೈದ್ಯರು ತೂಗಿ ನೋಡುತ್ತಾರೆ. ಬೆನ್ನಿಗೆ ಚುಚ್ಚಿ ಅರಿವಳಿಕೆ ಕೊಡುವುದಿದ್ದರೆ ಇಂಜೆಕ್ಷನ್‌ಗೂ ಅದಕ್ಕೂ ಹಲವು ಗಂಟೆಗಳ ಅಂತರ ಬೇಕು. ಔಷಧ ಕೊಡಲಾಗದವರಿಗೆ ಗಾಯವಿಲ್ಲದ ಕಾಲನ್ನು ಆಗಾಗ ಒತ್ತುವ ಗಾಳಿಪಟ್ಟಿಯ ಯಂತ್ರ ಬಳಸುವುದುಂಟು.

ಮನೆಗೆ ಬಂದ ಕೂಡಲೇ ಅಪಾಯ ಮುಗಿಯುವುದಿಲ್ಲ. ದೊಡ್ಡ ಮೂಳೆ ಶಸ್ತ್ರಚಿಕಿತ್ಸೆಗಳ ನಂತರ ಔಷಧವನ್ನು 35 ದಿನಗಳವರೆಗೂ ಮುಂದುವರಿಸುವುದಿದೆ. ಖರ್ಚಿಗೆ ಹೆದರಿ ನಡುವೆ ನಿಲ್ಲಿಸಬೇಡಿ. ಕಷ್ಟವಿದ್ದರೆ ವೈದ್ಯರಿಗೆ ತಿಳಿಸಿ. ಅವರು ಅನುಮತಿಸಿದಷ್ಟು ಪಾದ ಆಡಿಸಿ, ಎದ್ದು ನಡೆಯಿರಿ. ಕೇಳದೆ ನೋವಿನ ಮಾತ್ರೆ ನುಂಗಬೇಡಿ.

ರೋಗಿಗಳನ್ನು ಭೇಟಿ ಮಾಡುವವರು ಒಂದು ವಿಷಯ ನೆನಪಿಡಿ. ಕಾಲಿನ ಮೀನಖಂಡದಲ್ಲಿ ಹೊಸದಾಗಿ ಊತ, ನೋವು ಕಂಡರೆ ಎಣ್ಣೆ ಹಚ್ಚಿ ತಿಕ್ಕಲು ಹೇಳಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಹಠಾತ್ ಉಸಿರುಗಟ್ಟುವಿಕೆ, ಎದೆನೋವು, ಕೆಮ್ಮಿನಲ್ಲಿ ರಕ್ತ ಬಂದರೆ ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿ.