ಮನೆ ಮೈಸೂರಿನಲ್ಲಿ, ಯಜಮಾನ ಅಮೆರಿಕೆಯಲ್ಲಿ

ಕುವೆಂಪುನಗರದಲ್ಲಾಗಲಿ ಜಯನಗರದಲ್ಲಾಗಲಿ ಇಂತಹ ಮನೆಗಳು ಇಂದು ಅಪರೂಪವಲ್ಲ. ಮಗ ಅಮೆರಿಕೆಯಲ್ಲಿ ನೌಕರಿಯಲ್ಲಿದ್ದಾನೆ. ಅವನ ಹೆಸರಿನ ಮನೆಯ ಬೀಗದ ಕೈ ಇಲ್ಲಿ ತಂದೆಯವರ ಬಳಿಯಿದೆ. ಬಾಡಿಗೆಗೆ ಬಂದವರೂ ಸಜ್ಜನರೇ. ಕರಾರುಪತ್ರದಲ್ಲಿ ಮುಂಗಡದ ಹಣ, ಸುಣ್ಣಬಣ್ಣ, ನೀರಿನ ಬಿಲ್ಲು ಎಲ್ಲವೂ ನಮೂದಾಗಿರುತ್ತವೆ. ಯಜಮಾನ ಯಾವ ದೇಶದಲ್ಲಿ ವಾಸಿಸುತ್ತಾನೆಂಬುದೊಂದು ಮಾತ್ರ ಇರುವುದಿಲ್ಲ. ತೆರಿಗೆಯ ಕಾನೂನು ಮೊದಲು ಕೇಳುವುದು ಅದನ್ನೇ.

ಒಬ್ಬನು ನಿವಾಸಿಯೋ ಅನಿವಾಸಿಯೋ ಎಂಬುದನ್ನು ನಿರ್ಣಯಿಸುವುದು ಪಾಸ್‌ಪೋರ್ಟಲ್ಲ. ಮುಖ್ಯವಾಗಿ, ಆ ವರ್ಷ ಆತ ಭಾರತದಲ್ಲಿ ಕಳೆದ ದಿನಗಳ ಲೆಕ್ಕ. ಆದರೆ ಇಲ್ಲಿನ ಮನೆಯ ಬಾಡಿಗೆಗೆ ಇಬ್ಬರೂ ಇಲ್ಲಿ ತೆರಿಗೆಗೆ ಒಳಪಟ್ಟವರೇ. ಭೇದವಿರುವುದು ಬಾಡಿಗೆದಾರನ ಪಾಲಿಗೆ. ಯಜಮಾನ ಇಲ್ಲಿಯ ನಿವಾಸಿಯಾದರೆ, ಸಾಮಾನ್ಯ ಸಂಸಾರಸ್ಥನು ತಿಂಗಳ ಬಾಡಿಗೆ 50,000 ರೂಪಾಯಿ ಮೀರಿದಾಗ ಮಾತ್ರ, ಶೇಕಡ 2ರಷ್ಟನ್ನು ಮುರಿದುಕೊಂಡರೆ ಸಾಕು. ಯಜಮಾನ ಅನಿವಾಸಿಯಾದರೆ ಅಂತಹ ಕನಿಷ್ಠ ಮಿತಿಯೇ ಇಲ್ಲ. ಶೇಕಡ 30, ಅದರ ಮೇಲೆ ಸೆಸ್ ಸೇರಿ ಒಟ್ಟು ಶೇಕಡ 31.2ನ್ನು ಪ್ರತಿ ಪಾವತಿಯಲ್ಲಿಯೂ ಮುರಿದು, ಸಾಧಾರಣವಾಗಿ ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟತಕ್ಕದ್ದು.

ತಿಂಗಳಿಗೆ 40,000 ರೂಪಾಯಿ ಬಾಡಿಗೆಯೆನ್ನಿ, ವರ್ಷಕ್ಕೆ 4,80,000. ಮುರಿಯಬೇಕಾದ ಹಣ 1,49,760. ಈಗ ನಿಜವಾದ ತೆರಿಗೆಯನ್ನು ನೋಡೋಣ. ಯಜಮಾನ ಕಟ್ಟಿದ ಕಂದಾಯ 10,000 ಕಳೆದರೆ 4,70,000. ಅದರಲ್ಲಿ ದುರಸ್ತಿ ಮುಂತಾದುವುಗಳಿಗೆಂದು ಕಾನೂನೇ ಬಿಟ್ಟುಕೊಡುವ ಶೇಕಡ 30 ಕಳೆದರೆ ಉಳಿಯುವುದು 3,29,000. 2025–26ನೆಯ ಸಾಲಿನ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯಿಲ್ಲ. ಭಾರತದಲ್ಲಿ ಆತನಿಗೆ ಬೇರೆ ಆದಾಯವಿಲ್ಲದಿದ್ದರೆ ಕೊಡಬೇಕಾದುದು ಸೊನ್ನೆ! ಹಾಗೆಂದು ಬಾಡಿಗೆದಾರನು ತಾನೇ ಲೆಕ್ಕ ಹಾಕಿ ಸುಮ್ಮನಿರುವಂತಿಲ್ಲ. ಯಜಮಾನನು ರಿಟರ್ನ್ ಸಲ್ಲಿಸಿ ಹಣವನ್ನು ಮರಳಿ ಪಡೆಯಬೇಕು. ಇಲ್ಲವೆ ಕಡಮೆ ದರದಲ್ಲಿ ಮುರಿಯಲು ಆದಾಯ ತೆರಿಗೆ ಇಲಾಖೆಯಿಂದ ಮುಂಚಿತವಾಗಿಯೇ ಪ್ರಮಾಣಪತ್ರ ತರಿಸಿಕೊಳ್ಳಬೇಕು. ಎರಡನೆಯದೇ ಲೇಸೆಂದು ನನ್ನ ಅಭಿಪ್ರಾಯ. ಒಂದೂವರೆ ಲಕ್ಷವನ್ನು ತಿಂಗಳುಗಟ್ಟಲೆ ಸರ್ಕಾರದ ಬಳಿ ಬಿಟ್ಟಿರುವುದಕ್ಕಿಂತ ಒಂದು ಅರ್ಜಿ ಬರೆಯುವುದು ಕಷ್ಟವೇನಲ್ಲ.

ಈ ಹೊಣೆಯನ್ನು ಅರಿಯದ ಬಾಡಿಗೆದಾರನ ಸ್ಥಿತಿ ಕನಿಕರ ಹುಟ್ಟಿಸುವಂಥದು. ಮುರಿಯದೆ ಪೂರ್ತಿ ಬಾಡಿಗೆ ಕೊಟ್ಟವನನ್ನೇ ಇಲಾಖೆ ತಪ್ಪಿತಸ್ಥನೆಂದು ಎಣಿಸಬಹುದು. ಮುರಿಯದ ಹಣಕ್ಕೆ ತಿಂಗಳಿಗೆ ಶೇಕಡ 1, ಮುರಿದೂ ಕಟ್ಟದಿದ್ದರೆ ಶೇಕಡ 1.5ರಂತೆ ಬಡ್ಡಿ ಬೀಳುತ್ತದೆ. ಇದಕ್ಕಾಗಿ ಆತ ಟ್ಯಾನ್ ಎಂಬ ಪ್ರತ್ಯೇಕ ಸಂಖ್ಯೆಯನ್ನು ಪಡೆದು, ಮೂರು ತಿಂಗಳಿಗೊಮ್ಮೆ ವಿವರವನ್ನೂ ಒಪ್ಪಿಸಬೇಕು. ಮನೆ ನೋಡಲು ಬಂದ ದಿನವೇ "ಮಗ ಅನಿವಾಸಿ, ತೆರಿಗೆ ಮುರಿದುಕೊಂಡು ಕೊಡಿ" ಎಂದು ತಂದೆಯವರು ಹೇಳಿಬಿಡುವುದು ಇಬ್ಬರಿಗೂ ಕ್ಷೇಮ. ಬಾಡಿಗೆ ಸೇರಬೇಕಾದುದು ಮಗನ ಎನ್‌ಆರ್‌ಓ ಖಾತೆಗೆ. ಊರಿನಲ್ಲಿದ್ದಾಗ ತೆರೆದ ಹಳೆಯ ಉಳಿತಾಯ ಖಾತೆಯನ್ನು ಹಾಗೆ ಬದಲಾಯಿಸಿಕೊಳ್ಳಬೇಕು.

ಇನ್ನು ಅಮೆರಿಕೆಯ ಕಡೆ. ಅಲ್ಲಿನ ತೆರಿಗೆ ನಿವಾಸಿಗಳು ಜಗತ್ತಿನ ಎಲ್ಲ ಆದಾಯವನ್ನೂ ತೋರಿಸಬೇಕಾದ್ದರಿಂದ ಮೈಸೂರಿನ ಬಾಡಿಗೆಯೂ ಅಲ್ಲಿನ ರಿಟರ್ನಿಗೆ ಹೋಗುತ್ತದೆ. ಇಲ್ಲಿ ತೆತ್ತ ತೆರಿಗೆಯನ್ನು ಅಲ್ಲಿನ ತೆರಿಗೆಯಲ್ಲಿ ಮಿತಿಗೊಳಪಟ್ಟು ವಜಾ ಮಾಡಿಕೊಳ್ಳಬಹುದು. ಆದರೆ ಮರಳಿ ಬರುವ ಹಣವನ್ನು ತೆತ್ತ ತೆರಿಗೆಯೆಂದು ತೋರಿಸುವಂತಿಲ್ಲ. ನಮ್ಮ ವರ್ಷ ಏಪ್ರಿಲ್‌ನಿಂದ ಮಾರ್ಚ್, ಅವರದು ಜನವರಿಯಿಂದ ಡಿಸೆಂಬರ್. ಆದುದರಿಂದ ತಿಂಗಳವಾರು ರಸೀತಿಗಳನ್ನು ತಂದೆಯವರು ಜೋಪಾನವಾಗಿಟ್ಟು ಮಗನಿಗೆ ಕಳುಹಿಸುತ್ತಿರಬೇಕು.